ನಲವತ್ತನೆಯ ದಿನದ ಉಸಿರುಡುಗೊರೆ

ಬಾಗಲಕೋಟೆ, 30 ಫೆಬ್ರುವರಿ 2191

ನೂರರವತ್ತು ವರ್ಷ ಹಿಂದಿನ ಪ್ರೀತಿಯ ಹಿರಿಯರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ನನ್ನ ಕೆಲವು ಪದಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನೀಲಗಂಗಾ. ಮದುವೆಯಾಗಿ ಮೂವತ್ತೊಂಬತ್ತು ದಿನ! ನನ್ನ ಗಂಡ ಚೆನ್ನವೀರ ಎಷ್ಟು ಚೆಂದ ನಗುತ್ತಾನೆಂದು ಬರೆಯಲು ಕೂತರೆ ಕಾಗದವೆಲ್ಲ ಅದರಲ್ಲೇ ಮುಗಿದೀತು. ಆದರೆ ಆ ನಗುವಿನ ಮೇಲೇ ನನಗೆ ಅನುಮಾನ.

ನಮ್ಮ ಮದುವೆಗಳಲ್ಲಿ ತಾಳಿಯ ನಂತರ ಉಸಿರುಡುಗೊರೆ ಕೊಡುತ್ತಾರೆ. ಅದು ಮೂಗಿಗೆ ಹೊಡೆಯುವ ಒಂದು ತುಂತುರು. ಅದರ ತುಂಬ ಸರಗೂಡುಗಳು: ಕಾರ್ಖಾನೆಯಲ್ಲಿ ಹೆಣೆದ ಪಾಲಿಮರ್ ಎಳೆಗಳು ಜೀನನ್ನು, ಅಂದರೆ ವಂಶವಾಹಿಯನ್ನು, ಮುಷ್ಟಿಯಲ್ಲಿ ಹಿಡಿದಂತೆ ಹಿಡಿದು, ಮೂಗಿನ ಲೋಳೆ ದಾಟಿ, ಒಳಗೆ ಬಿಟ್ಟು ಕರಗಿಹೋಗುತ್ತವೆ. ನಿಮ್ಮ ಕಾಲದವರು ಆ ಎಳೆಗಳನ್ನು ತಿದ್ದಿ ತಿದ್ದಿ ಕಲಿಸಿದ ವಿದ್ಯೆಯಂತೆ. ದೂಳುಕೆಮ್ಮು ಬಾರದಿರಲೆಂದು ಕೊಡುವುದು ಎಂದೇ ಎಲ್ಲರೂ ನಂಬಿದ್ದಾರೆ.

ವೇದಿಕೆಯಲ್ಲಿ ಅತ್ತೆ ಗುರುಬಸವ್ವ ಮೊದಲು ಮಗನಿಗೆ ತುಂತುರು ಹೊಡೆದು, ಸೀಸೆಯನ್ನು ನನ್ನ ಮೂಗಿಗೆ ಹಿಡಿದರು. "ಜೋರಾಗಿ ಎಳಕೋ ನಮ್ಮವ್ವಾ, ಅರ್ಧಕ್ಕ ಬಿಟ್ಟರ ಅರ್ಧಾ ಸೊಸಿ ಆಗ್ತಿ ನೋಡು!" ಹೆಂಗಸರೆಲ್ಲ ನಕ್ಕರು. ಸೀಸೆಯ ಚೀಟಿ ನನ್ನ ಕಣ್ಣೆದುರೇ ಇತ್ತು, ಇಂಗ್ಲಿಷಿನಲ್ಲಿ. ಈಗ ಆ ಭಾಷೆ ಓದುವವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಅಜ್ಜಿಯ ಹಟದಿಂದ ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಮೇಲೆ 'ಶ್ವಾಸಕೋಶಕ್ಕೆ' ಎಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ: 'ಸಂಗಾತಿಯ ಮೇಲಿನ ಮಮತೆಗೆ, ನಲವತ್ತು ದಿನ.'

ಉಸಿರು ಬಿಗಿಹಿಡಿದೆ. ಸೀನಿನ ನೆಪದಲ್ಲಿ ಎಲ್ಲವನ್ನೂ ಸೆರಗಿಗೆ ಊದಿಬಿಟ್ಟೆ. "ಪಾಪ, ಹುಡುಗಿಗೆ ನೆಗಡಿ ಆಗೇತಿ" ಅಂದರು ಅತ್ತೆ.

ಹಾಗಾಗಿ ನನ್ನ ಪ್ರೀತಿಯ ಹುಚ್ಚು ನನ್ನದೇ. ಅವನದು? ಹೆಣ್ಣು ನೋಡಲು ಬಂದಾಗ ಎರಡು ಮಾತಾಡದವನು ಈಗ ನನ್ನ ಚಪ್ಪಲಿಯನ್ನೂ ಹೊಗಳುತ್ತಾನೆ. "ನೀ ಕೆಮ್ಮಿದರೂ ಹಾಡಿದಂಗ ಕೇಳತೈತಿ" ಅನ್ನುತ್ತಾನೆ. ಕರಗಿಹೋಗುತ್ತೇನೆ. ಮರುಕ್ಷಣವೇ ಅವನ ಮೂಗು ನೋಡುತ್ತೇನೆ.

ನಾಳೆ ನಲವತ್ತನೆಯ ದಿನ, ಉಸಿರುಡುಗೊರೆಯನ್ನು ಮತ್ತೆ ಕೊಡುವ ದಿನ. ಎರಡನೇ ಸೀಸೆಯನ್ನು ಅತ್ತೆ ಆಗಲೇ ತಂದು ದೇವರ ಮುಂದೆ ಇಟ್ಟಿದ್ದಾರೆ. ನಾನು ಸುಮ್ಮನಿದ್ದರೆ ಇನ್ನೂ ನಲವತ್ತು ದಿನ ಆ ನಗು ನನ್ನದು. ಆಸೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಬೆಳಗ್ಗೆ ಚೀಟಿಯನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳುತ್ತೇನೆ. ಎಳೆದುಕೊಳ್ಳುವುದೋ ಬೇಡವೋ ಅವನೇ ತೀರ್ಮಾನಿಸಲಿ.

ಆ ಎಳೆಗಳನ್ನು ಹೆಣೆಯುತ್ತಿರುವ ಹಿರಿಯರೇ, ಒಂದೇ ಬೇಡಿಕೆ: ಒಳಗೇನಿದೆ ಎಂಬುದನ್ನು ಎಳೆದುಕೊಳ್ಳುವವರ ಭಾಷೆಯಲ್ಲಿ, ದೊಡ್ಡಕ್ಷರದಲ್ಲಿ ಬರೆಯುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳಿ. ನನ್ನ ಮಟ್ಟಿಗೆ ತಡವಾಯಿತು. ಓದಿ ಮುಗಿಸಿ ತಲೆಯೆತ್ತಿದಾಗ ಅವನ ಮುಖ ಹೇಗಿರುತ್ತದೋ! ತುಂಬಾ ಹೆದರಿಕೆಯಾಗುತ್ತಿದೆ.

ನಿಮ್ಮ,
ನೀಲಗಂಗಾ