ಮನೆಯವರಿಗೆ ಕೊಡಬೇಕಾದ್ದು ಸಾಲವಲ್ಲವಂತೆ

ಮಾನ್ಯರೇ,

ದೇಶದ ಸಾಲದ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಕಚೇರಿಯ ಮುಖ್ಯಸ್ಥರು ನೀವು. ಈ ಸಲದ ಪಟ್ಟಿಯಲ್ಲಿ ಸಾಲ ಮೂರರಲ್ಲಿ ಒಂದು ಪಾಲು ಇಳಿದಿದೆ. ನನ್ನ ಅತ್ತೆಯ ಕಣ್ಣಿನ ಪೊರೆ ಇಳಿದಿಲ್ಲ. ಎರಡಕ್ಕೂ ಸಂಬಂಧವಿದೆ ಎಂದು ತಿಳಿಸಲು ಈ ಪತ್ರ.

ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ನಿಮ್ಮ ಪಟ್ಟಿಯ ಸುದ್ದಿ ಓದಿ ನಾನು ಅಡುಗೆಮನೆಯಲ್ಲಿ ಕುಣಿದೆ. ಮದುವೆಯಾಗಿ ಎಪ್ಪತ್ತೊಂದು ದಿನವಾದವಳಿಗೆ ಕುಣಿಯಲು ದೊಡ್ಡ ಕಾರಣ ಬೇಕಾಗುವುದಿಲ್ಲ. ಹಿಂದಿನ ದಿನ ಜೋಳದ ಕಡುಬು ಒಡೆಯದೆ ಬೆಂದಿತೆಂದೂ ಕುಣಿದಿದ್ದೆ. "ಎಫ್ರಾಯಿನ್, ನಮ್ಮ ಸರ್ಕಾರ ಸಾಲ ತೀರಿಸಿಬಿಟ್ಟಿದೆ ಕಣೋ!" ಎಂದು ಕೂಗಿದೆ. ನನ್ನ ಗಂಡ (ಈ ಎರಡು ಪದ ಬರೆಯುವಾಗ ನನಗೆ ಇನ್ನೂ ನಗು ಬರುತ್ತದೆ, ಕ್ಷಮಿಸಿ) ಶಾಲೆಯಲ್ಲಿ ಗಣಿತ ಕಲಿಸುವವನು. ಅವನು ಕುಣಿಯಲಿಲ್ಲ. "ಯಾರಿಗೆ ತೀರಿಸಿದ್ರಂತೆ?" ಎಂದು ಕೇಳಿ, ನಿಮ್ಮ ಪಟ್ಟಿಯ ಕೊನೆಯ ಪುಟದ ಅಡಿಟಿಪ್ಪಣಿ ತೋರಿಸಿದ. ಸರ್ಕಾರದ ಒಂದು ಅಂಗವು ಇನ್ನೊಂದು ಅಂಗಕ್ಕೆ ಕೊಡಬೇಕಾದ್ದನ್ನು ಇನ್ನು ಮುಂದೆ ಸಾಲವೆಂದು ಪರಿಗಣಿಸುವುದಿಲ್ಲ ಎಂದು ಅಲ್ಲಿ ಸಣ್ಣ ಅಕ್ಷರಗಳಲ್ಲಿತ್ತು.

ಅಂದರೆ ಯಾರಿಗೂ ಏನೂ ತೀರಿಸಿಲ್ಲ. ರೈತರ, ನೇಯುವವರ ಆರೋಗ್ಯ ವಿಮಾ ನಿಧಿಯಿಂದ ಸರ್ಕಾರ ವರ್ಷಗಟ್ಟಲೆ ತೆಗೆದುಕೊಂಡಿದ್ದು ಹಾಗೆಯೇ ಇದೆ. ಆ ನಿಧಿಯೂ ಸರ್ಕಾರದ್ದೇ ಆದ್ದರಿಂದ, ಸಮಾಜವಾದಿ ಸರ್ಕಾರದಲ್ಲಿ ಎಲ್ಲರೂ ಒಂದೇ ಮನೆಯವರಾದ್ದರಿಂದ, ಅದು ಸಾಲವಲ್ಲ. ಇಷ್ಟು ಸುಲಭದ ದಾರಿ ಇಷ್ಟು ವರ್ಷ ಯಾರಿಗೂ ಏಕೆ ಹೊಳೆಯಲಿಲ್ಲ?

ನನ್ನ ಅತ್ತೆ ಹೆರ್ಮಿನಿಯಾ ನಲವತ್ತು ವರ್ಷಗಳಿಂದ ಹುಲ್ಲಿನ ಟೋಪಿ ನೇಯುತ್ತಾರೆ. ನಲವತ್ತು ವರ್ಷವೂ ಆ ನಿಧಿಗೆ ಕಂತು ಕಟ್ಟಿದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದು ಹದಿನಾಲ್ಕು ತಿಂಗಳಾಯಿತು. ಈಗ ಬೆರಳಿನಿಂದ ಎಳೆ ತಡವಿ ನೇಯುತ್ತಾರೆ. ಎರಡು ಎಳೆ ತಪ್ಪಿದೆ ಎಂದು ಸಂತೆಯ ದಲ್ಲಾಳಿ ಟೋಪಿಯ ಬೆಲೆ ಅರ್ಧಕ್ಕಿಳಿಸುತ್ತಾನೆ. ಆಸ್ಪತ್ರೆಯ ಕಿಟಕಿಯಲ್ಲಿ ಕೂತ ಹೆಂಗಸು ಪ್ರತಿ ಬಾರಿಯೂ ಅದನ್ನೇ ಹೇಳುತ್ತಾಳೆ: "ಲೆನ್ಸ್ ಬಂದಿಲ್ಲ ತಾಯಿ. ನಿಧಿಯಿಂದ ದುಡ್ಡು ಬಂದಿಲ್ಲ." ನಿಧಿಯ ಕಚೇರಿಗೆ ಹೋದರೆ, "ಸರ್ಕಾರದಿಂದ ಬರಬೇಕಾದ್ದು ಬಂದಿಲ್ಲ," ಎನ್ನುತ್ತಾರೆ. ಈಗ ನಿಮ್ಮ ಪಟ್ಟಿ ನೋಡಿದರೆ, ಬರಬೇಕಾದ್ದು ಏನೂ ಇಲ್ಲವೇ ಇಲ್ಲ. ಇನ್ನು ನಾವು ಯಾವ ಕಿಟಕಿಯ ಮುಂದೆ ನಿಲ್ಲಬೇಕು, ಹೇಳಿ.

ನಿಮ್ಮ ಲೆಕ್ಕದ ಕ್ರಮ ನಮ್ಮಂಥವರ ಮನೆಯಲ್ಲಿ ನಡೆಯುತ್ತದೆಯೇ ಎಂದು ನಾನು ಪರೀಕ್ಷಿಸಿ ನೋಡಿದ್ದೇನೆ. ನಾನು ಕುಯೆಂಕಾ ನಗರದ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಹಳ್ಳಿಯ ರೂಢಿ ಗೊತ್ತಿಲ್ಲದವಳು. ಗಂಡನ ಊರಿನಲ್ಲಿ ನಡೆದ ಮದುವೆಗೆ ನೆಂಟರು ಹಬ್ಬದೂಟಕ್ಕೆಂದು ಸಾಕಿದ ಗಿನಿ ಹಂದಿಗಳನ್ನು, ಆಲೂಗಡ್ಡೆ ಮೂಟೆಗಳನ್ನು, ಬಿಯರ್ ಪೆಟ್ಟಿಗೆಗಳನ್ನು ಹೊತ್ತು ತಂದಾಗ ಸಂತೋಷ ತಡೆಯಲಾರದೆ ಅತ್ತುಬಿಟ್ಟೆ. ಆಮೇಲೆ ಒಬ್ಬೊಬ್ಬರಿಗೂ ಚಿನ್ನದ ಅಂಚಿನ ಕಾರ್ಡಿನಲ್ಲಿ ಕೃತಜ್ಞತೆ ಬರೆದು ಕಳಿಸಿದೆ, ಅರವತ್ತೆರಡು ಕಾರ್ಡು. ಒಂದು ವಾರಕ್ಕೆ ಅತ್ತೆಯ ತಂಗಿ ಎಡೆಲ್ಮಿರಾ ಚಿಕ್ಕಮ್ಮ ತಮ್ಮ ಕಾರ್ಡು ಹಿಡಿದು ಬಂದರು.

"ಏನೇ ಇದು? ನಿಮ್ಮ ಅಮೂಲ್ಯ ಉಡುಗೊರೆಗೆ ಅಂತ ಬರ್ದಿದ್ದೀಯಲ್ಲ. ಉಡುಗೊರೆ ಯಾರು ಕೊಟ್ರು ನಿಂಗೆ?"

"ನೀವೇ ಅಲ್ವಾ ಚಿಕ್ಕಮ್ಮ? ಇಪ್ಪತ್ತು ಗಿನಿ ಹಂದಿ..."

"ಅಯ್ಯೋ ಹುಚ್ಚುಡುಗಿ, ಅದು ಹೋಚಾ ಕಣೇ! ನಮ್ಮ ಲಿಸಾರ್ಡೊ ಮದ್ವೆಗೆ ನೀನು ಇಪ್ಪತ್ತೆರಡು ತರ್ಬೇಕು. ಬಡಕಲು ತಂದ್ರೆ ವಾಪಸ್ ಕಳಿಸ್ತೀನಿ."

ಹೋಚಾ ಎಂದರೆ ಮುಯ್ಯಿ, ಹಿಂದಿರುಗಿಸುವಾಗ ಸ್ವಲ್ಪ ಹೆಚ್ಚೇ ಇರಬೇಕು. ತಂದದ್ದನ್ನೆಲ್ಲ ಚಿಕ್ಕಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ, ತೂಕದ ಸಮೇತ.

ಮಾನ್ಯರೇ, ಇದೇ ಚಿಕ್ಕಮ್ಮ ನಿಮ್ಮ ಸರ್ಕಾರಕ್ಕೆ ಮೂರು ಸಲ ಮತ ಹಾಕಿದವರು. ಕಳೆದ ಭಾನುವಾರ ಊಟಕ್ಕೆ ಕೂತಾಗ ನಿಮ್ಮ ಅಂಕಿಗಳ ಮಾತು ಬಂತು. "ಅವ್ರು ಸುಳ್ಳು ಹೇಳಲ್ಲ ಕಣೋ," ಎಂದು ಎಫ್ರಾಯಿನ್‌ನನ್ನು ಗದರಿಸಿದರು. "ಹಿಂದಿನೋರ ಕಾಲದಲ್ಲಿ ಬ್ಯಾಂಕಿನೋರು ಹೇಳಿದ್ದೇ ಲೆಕ್ಕ. ಇವ್ರು ಬಂದ್ಮೇಲೆ ಊರಿಗೆ ರಸ್ತೆ ಬಂತು, ಶಾಲೆ ಬಂತು. ನಿನ್ನ ಸಂಬಳ ಎಲ್ಲಿಂದ ಬರುತ್ತೋ?" ಈ ಮಾತಿನಲ್ಲಿ ಸತ್ಯವಿದೆ. ನಾನೂ ಆ ರಸ್ತೆಯಲ್ಲೇ ದಿಬ್ಬಣ ಬಂದವಳು. ಆದರೂ ಸುಮ್ಮನಿರಲಾಗಲಿಲ್ಲ.

"ಹಾಗಾದ್ರೆ ಒಳ್ಳೇದಾಯ್ತು ಚಿಕ್ಕಮ್ಮ. ನಾವೂ ಒಂದೇ ಮನೆಯವ್ರು. ಹೊಸ ಲೆಕ್ಕದಲ್ಲಿ ನಿಮ್ಮ ಇಪ್ಪತ್ತೆರಡು ಗಿನಿ ಹಂದಿ ಸಾಲಾನೇ ಅಲ್ಲ."

ಚಿಕ್ಕಮ್ಮ ಚಮಚ ಕೆಳಗಿಟ್ಟರು. "ಯಾವ ಕಳ್ಳ ಹೇಳ್ಕೊಟ್ಟ ನಿಂಗೆ ಇದನ್ನ?"

ನಾನು ನಿಮ್ಮ ಕಚೇರಿಯ ಹೆಸರು ಹೇಳಬೇಕಾಯಿತು. ಚಿಕ್ಕಮ್ಮ ಚಮಚ ಮತ್ತೆ ಕೈಗೆತ್ತಿಕೊಂಡರು. "ಅವ್ರು ಓದ್ದೋರು, ಏನೋ ಕಾರಣ ಇರುತ್ತೆ," ಎಂದರು. ಆಮೇಲೆ, "ಆದ್ರೆ ಗಿನಿ ಹಂದಿ ವಿಷಯ ಬೇರೆ," ಎಂದರು.

ಮೂಲೆಯಲ್ಲಿ ಟೋಪಿ ನೇಯುತ್ತಿದ್ದ ಅತ್ತೆ ಆಗ ತಲೆಯೆತ್ತದೆಯೇ ಮಾತಾಡಿದರು. "ಎಡೆಲ್ಮಿರಾ, ನೀನು ಬರೆದಿಟ್ಟಿದ್ದೀಯ ಅಂತ ಈ ಹುಡುಗಿ ತಂದ್ಕೊಡ್ತಾಳೆ. ನಂದನ್ನ ಎಲ್ಲೇ ಬರೆದಿಟ್ಟಿದ್ದಾರೆ?" ಚಿಕ್ಕಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅವರ ಪರವಾಗಿ ನೀವು ಉತ್ತರ ಕೊಡುತ್ತೀರಾ?

ನಿಮ್ಮ ಅಂಕಿಗಳನ್ನು ನಂಬಬಹುದೇ ಎಂದು ಪತ್ರಿಕೆಗಳು ದಿನವೂ ಜಗಳವಾಡುತ್ತಿವೆ. ನಾನು ನಂಬುತ್ತೇನೆ. ಕೂಡಿದ್ದು, ಕಳೆದದ್ದು ಎಲ್ಲ ಸರಿಯಾಗಿದೆ ಎಂದು ನನ್ನ ಗಂಡನೇ ಎರಡು ಸಲ ಪರಿಶೀಲಿಸಿದ್ದಾನೆ. ನನಗೆ ನಂಬಿಕೆ ಇಲ್ಲದಿರುವುದು ಆ ಅಂಕಿಗಳ ಮೇಲೆ ನೀವು ಬರೆದ 'ಸಾಲ' ಎಂಬ ಒಂದೇ ಒಂದು ಪದದಲ್ಲಿ. ಹೊರಗಿನ ಬ್ಯಾಂಕಿಗೆ ಕೊಡಬೇಕಾದ್ದು ಸಾಲ, ಹೆರ್ಮಿನಿಯಾಗೆ ಕೊಡಬೇಕಾದ್ದು ಅಡಿಟಿಪ್ಪಣಿ ಎಂದಾದರೆ, ನಿಮ್ಮ ಮನೆಯವರಾಗುವುದಕ್ಕಿಂತ ಹೊರಗಿನವರಾಗಿರುವುದೇ ಲೇಸಲ್ಲವೇ?

ಪೊರೆ ಇನ್ನೂ ಬಲಿತರೆ ಶಸ್ತ್ರಚಿಕಿತ್ಸೆ ಕಷ್ಟವೆಂದು ವೈದ್ಯರು ಹೇಳಿದ್ದಾರೆ. ಆದರೂ ನಾಳೆಯೇ ಹಣ ಕೊಡಿ ಎಂದು ನಾನು ಕೇಳುತ್ತಿಲ್ಲ. ಮುಂದಿನ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಅಚ್ಚು ಮಾಡಿ: ವಿಮಾ ನಿಧಿಗೆ ಕೊಡಬೇಕಾದ್ದು ಇಷ್ಟು. ದಪ್ಪ ಅಕ್ಷರದಲ್ಲಿರಲಿ. ಆ ಪುಟ ಹಿಡಿದು ನಾನು ಅತ್ತೆಯನ್ನು ಮತ್ತೆ ಆ ಕಿಟಕಿಗೆ ಕರೆದುಕೊಂಡು ಹೋಗುತ್ತೇನೆ. ಅದನ್ನು ಅವರೇ ಓದುವಂತಿರುವಾಗಲೇ ಅಚ್ಚಾದರೆ ಉಪಕಾರ.

ಇಂತಿ,
ನಿಮ್ಮ ಮನೆಯವಳೇ ಆಗಿಹೋದ್ದರಿಂದ ನಿಮ್ಮಿಂದ ಏನೂ ಬರಬೇಕಾಗಿಲ್ಲದ,
ಡೊಮೆನಿಕಾ