ಮೂರು ಮರಿ, ನಾಲ್ಕನೆಯ ಸುತ್ತು

ಮೇ ೧೪, ಮಂಗಳವಾರ

ನಿನ್ನೆ ಕನಸಿನಲ್ಲಿ ಗೋಡೆಯೊಳಗೆ ಮಗು ಅಳುತ್ತಿತ್ತು. ಎದ್ದ ಮೇಲೂ ಅಳು ನಿಲ್ಲಲಿಲ್ಲ, ಅಟ್ಟದಿಂದ ಬರುತ್ತಿತ್ತು.

ತಪ್ಪು ನಮ್ಮದೇ. ಅಟ್ಟದಲ್ಲಿ ಸೇರಿಕೊಂಡಿದ್ದ ರಕೂನ್ ಎಂಬ ಬೆಕ್ಕಿಗಿಂತ ದೊಡ್ಡ ಕಾಡುಪ್ರಾಣಿ ಭಾನುವಾರ ಹೊರಗೆ ಹೋದದ್ದನ್ನು ನೋಡಿ ನನ್ನ ಗಂಡ ವೆಂಡೆಲ್ ಸೂರಿನ ತೂತಿಗೆ ತಗಡು ಬಡಿದ. ಒಳಗೆ ಮರಿಗಳಿರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಆ ತಾಯಿ ರಕೂನ್ ಎರಡು ರಾತ್ರಿ ಹೊರಗಿನಿಂದ ತಗಡು ಕೆರೆದಳು, ನಾನು ಕೋಲಿನಿಂದ ಓಡಿಸಿದೆ.

ಇವತ್ತು ಟೊರಾಂಟೊದಿಂದ ಪ್ರಾಣಿ ಹಿಡಿಯುವ ಗ್ಲೆನಿಸ್ ಬಂದಳು. "ಅಲ್ಲಾ ಸ್ವಾಮಿ, ನಿಮ್ಮ ಹೆಂಡ್ತೀನ ಬೀದಿಗೆ ಹಾಕಿ, ಮಕ್ಕಳನ್ನ ಒಳಗಿಟ್ಟು ಬಾಗಿಲು ಬಡಿದ್ರೆ ಹೆಂಗಿರುತ್ತೆ?" ಅಂತ ವೆಂಡೆಲ್‌ನನ್ನು ಕೇಳಿದಳು.

"ಇವಳು ಬಾಗಿಲೇ ಮುರೀತಾಳೆ ಬಿಡಿ," ಅಂದ ವೆಂಡೆಲ್. ನನಗೆ ನಗು ಬರಲಿಲ್ಲ.

ಗ್ಲೆನಿಸ್ ತಗಡು ಕಿತ್ತು, ಸಿಕ್ಕಿದ ಮೂರು ಮರಿಗಳನ್ನು ಬಿಸಿನೀರಿನ ಬಾಟಲಿಯ ಜೊತೆ ಪೆಟ್ಟಿಗೆಯಲ್ಲಿ ಮಲಗಿಸಿ, ತೂತಿನ ಪಕ್ಕ ಇಟ್ಟು ಹೋದಳು. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದನ್ನೇ ಕತ್ತು ಕಚ್ಚಿ ಹಿಡಿದು ಮೇಪಲ್ ಮರದ ಪೊಟರೆಗೆ ಒಯ್ದಳು. ಮೂರನ್ನೂ ಸಾಗಿಸಿದಳು. ಆಮೇಲೂ, ನಾಲ್ಕನೆಯ ಸಲ, ಬಂದಳು. ಖಾಲಿ ಪೆಟ್ಟಿಗೆಯೊಳಗೆ ಕೈಯಾಡಿಸಿ ತಡಕಿದಳು, ಬಹಳ ಹೊತ್ತು.

ಸುಮ್ಮನೆ ತಡಕಿದ್ದಿರಬಹುದು. ಶಾಲೆ ಅರ್ಧಕ್ಕೆ ಬಿಟ್ಟ ನನಗೇನು ಗೊತ್ತು. ಆದರೆ ತಾಯಿಗೆ ತನ್ನ ಮರಿಗಳೆಷ್ಟೆಂದು ತಿಳಿಯದೆ ಇರುತ್ತದೆಯೇ? ನಾಲ್ಕನೆಯದೊಂದು ಒಳಗೇ ಉಳಿದಿದೆಯೋ ಏನೋ. ಅಟ್ಟದಲ್ಲಿ ಈಗ ಸದ್ದಿಲ್ಲ, ಅದೇ ಭಯ.

ವೆಂಡೆಲ್‌ನನ್ನು ಎಬ್ಬಿಸುತ್ತೇನೆ. ಬೈದರೆ ಬೈಯಲಿ. ಏಳಪ್ಪಾ, ಚಿಮಣಿ ಹಿಂದಿನ ಮೂಲೆಗೆ ಇನ್ನೊಂದೇ ಒಂದು ಸಲ ಟಾರ್ಚು ಬಿಟ್ಟು ನೋಡು.