ಹಿಂದೆ ಎಡಗಡೆ ತಟ್ಟುವ ಸದ್ದು

ಮನೆಯಿಂದ,
ಮಾರ್ಚ್ ೯, ಶನಿವಾರ ಮಧ್ಯಾಹ್ನ

ನನ್ನ ಪುಟ್ಟನಿಗೆ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೋದ ತಿಂಗಳು ನೀನು ಬರೆದ ಕಾಗದದಲ್ಲಿ ನಾಲ್ಕೂವರೆ ಸಾಲು ಇತ್ತು, ಅದರಲ್ಲಿ ಎರಡು ಸಾಲು ಅಲ್ಲಿಯ ಚಳಿಗೇ ಹೋಗಿದೆ. ಗೋದಾಮಿನ ಬಾಗಿಲು ಕಾಯುವವನು ದಿನವಿಡೀ ನಿಂತೇ ಇರಬೇಕೆಂದು ಎಲ್ಲಿ ಬರೆದಿದೆ? ಒಂದು ಕುರ್ಚಿ ಕೇಳು. ಕೇಳಲು ನಾಚಿಕೆಯಾದರೆ ನಿನ್ನ ಸಾಹೇಬರ ವಿಳಾಸ ಕಳಿಸು, ನಾನೇ ಬರೆಯುತ್ತೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹೊಲಿಗೆ ಮಿಷನ್ ಓಡುತ್ತಿದೆ, ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಇನ್ನೂ ಉಳಿದಿದೆ.

ಈಗ ಸುದ್ದಿ. ಕಾರನ್ನು ಹೊರಗೆ ತೆಗೆದಿದ್ದೇನೆ. ಇಲ್ಲಿಗೇ ಕಾಗದ ಮಡಚಿಟ್ಟುಬಿಡಬೇಡ, ಪೂರ್ತಿ ಓದು. ಒಂದು ಹೋಟೆಲಿನವರು ನಲವತ್ತು ಕಿಟಕಿಗಳಿಗೆ ಪರದೆ ಹೊಲಿಯಲು ಕೊಟ್ಟರು. ಆ ಕಟ್ಟುಗಳನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವುದಕ್ಕೆ ನಾನೇನು ಎಳೆ ಹುಡುಗಿಯೇ? ಮೂರು ವರ್ಷದಿಂದ ಗೋಡೆಯ ಪಕ್ಕ ನಿಂತಿದ್ದ ಗಾಡಿಗೆ ಕಟ್ಟಿದ್ದ ಟಾರ್ಪಾಲು ಬಿಚ್ಚಿಸಿದೆ, ಒಡೆದ ದೀಪ ಮತ್ತು ನುಗ್ಗಾದ ಬಂಪರ್ ಬದಲಾಯಿಸಿದೆ, ಬ್ಯಾಟರಿ ಹಾಕಿಸಿ ಟೈರುಗಳಿಗೆ ಗಾಳಿ ತುಂಬಿಸಿದೆ. ಮೊದಲ ದಿನ ನಮ್ಮ ಬೀದಿಯ ಕೊನೆಯ ಉಬ್ಬು ದಾಟಿದೆನೋ ಇಲ್ಲವೋ, ಹಿಂದೆ ಎಡಗಡೆಯಿಂದ ಟಕ್ ಟಕ್ ಅಂದಿತು. ಸ್ವಲ್ಪ ತಡೆದು ಇನ್ನೊಂದು ಟಕ್.

ನಿಮ್ಮಪ್ಪ ಬಾಗಿಲು ತಟ್ಟುತ್ತಿದ್ದುದು ನಿನಗೆ ನೆನಪಿದೆಯಲ್ಲ. ಜೇಬಿನಲ್ಲಿ ಬೀಗದ ಕೈ ಇದ್ದರೂ ಅವರಿಗೆ ತಟ್ಟಲೇಬೇಕು. ಎರಡು ಸಲ, ಆಮೇಲೆ ಒಂದು ಸಲ. ಯಜಮಾನರು ಬಂದರೆಂದು ಬೀದಿಗೆಲ್ಲ ಗೊತ್ತಾಗಬೇಕು. ನಾನು ಮಿಷನ್ ಮುಂದೆ ಕೂತೇ "ಬಂದೆ ಇರಿ" ಎಂದು ಕೂಗುತ್ತಿದ್ದೆ. ಆ ದಿನವೂ ಸ್ಟೀರಿಂಗ್ ಹಿಡಿದುಕೊಂಡೇ "ಬಂದೆ ಇರಿ" ಅಂದುಬಿಟ್ಟೆ. ಗಾಡಿಯನ್ನು ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಕೂತೆ. ಹಿಂದಿನ ಸೀಟಿನಲ್ಲಿ ಪರದೆಯ ಕಟ್ಟು ಬಿಟ್ಟರೆ ಏನೂ ಇಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಆದರೂ ತಿರುಗಿ ನೋಡಲಿಲ್ಲ.

ನನ್ನ ಹೆದರಿಕೆಗೆ ಇನ್ನೊಂದು ಕಾರಣವಿತ್ತು. ಅದನ್ನು ನಾವಿಬ್ಬರೂ ಇಲ್ಲಿಯವರೆಗೆ ಬಾಯಿಬಿಟ್ಟು ಆಡಿಲ್ಲ, ಇವತ್ತು ಆಡುತ್ತೇನೆ. ಅವರು ತೀರಿಹೋದ ದಿನ ಬೆಳಿಗ್ಗೆ ಇದೇ ಗಾಡಿಯಲ್ಲಿ ಹೋಗುತ್ತಾ ದಾರಿಯಿಂದ ನಿನಗೆ ಫೋನ್ ಮಾಡಿ "ಹಿಂದೆ ಎಡಗಡೆ ಏನೋ ತಟ್ತಾ ಇದೆ ಕಣೋ" ಅಂದರು. ನೀನು "ಏನೂ ಆಗಲ್ಲಪ್ಪಾ, ಓಡಿಸ್ಕೊಂಡು ಬನ್ನಿ, ನೋಡ್ತೀನಿ" ಅಂದೆ. ಅರ್ಧ ಗಂಟೆಯೊಳಗೆ ಗಾಡಿ ತಿರುವಿನ ಪಕ್ಕದ ಚರಂಡಿಗೆ ಇಳಿದಿತ್ತು. ಅದರ ಹಿಂದಿನ ಭಾನುವಾರವಷ್ಟೇ ನೀನು ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದ್ದೆ. ಎಡಗಡೆಯದನ್ನು ಕೂರಿಸುವಾಗ ಯಾರೋ ಕರೆದರೆಂದು ನಡುವೆ ಎದ್ದುಹೋಗಿ ಬಂದಿದ್ದೆ. ಡಾಕ್ಟರು ಎದೆ ನಿಂತಿತು ಅಂದರು. ಎದೆ ನಿಂತದ್ದಕ್ಕೆ ಗಾಡಿ ದಾರಿ ಬಿಟ್ಟಿತೋ, ಗಾಡಿ ದಾರಿ ಬಿಟ್ಟ ಗಾಬರಿಗೆ ಎದೆ ನಿಂತಿತೋ, ಅದನ್ನು ಮಾತ್ರ ಹೇಳಲಾರೆ ಅಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ಕೈ ಹಿಡಿದು "ಆ ನಟ್ ನಾನು ಬಿಗಿ ಮಾಡಿದ್ನೋ ಇಲ್ವೋ ನೆನಪಾಗ್ತಿಲ್ಲಮ್ಮಾ. ನನ್ನಿಂದಾನೇ ಆಯ್ತಾ?" ಎಂದು ಕೇಳಿದೆ. ನಾನು ನೀರು ತರುತ್ತೇನೆಂದು ಎದ್ದುಹೋದೆ. ತಿಂಗಳೊಳಗೆ ನೀನು ಸ್ಪ್ಯಾನರ್ ಪೆಟ್ಟಿಗೆ ಮುಚ್ಚಿಟ್ಟು ಊರು ಬಿಟ್ಟೆ.

ಹಾಗಾಗಿ ಮೂರು ವಾರ ಆ ಸದ್ದಿನ ಜೊತೆಗೇ ಓಡಾಡಿದೆ, ಯಾರಿಗೂ ತೋರಿಸಲಿಲ್ಲ. ಪ್ರತಿ ಉಬ್ಬಿಗೂ ಅವರು ತಟ್ಟುವುದು, ನಾನು "ಬಂದೆ ಇರಿ" ಅನ್ನುವುದು. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು ನನ್ನನ್ನು ಒಂದು ಥರ ನೋಡತೊಡಗಿದರು. ಕೊನೆಗೆ ಒಂದು ದಿನ, ಈ ಮನುಷ್ಯ ನನ್ನನ್ನು ಕರೆಯುತ್ತಿದ್ದಾರೋ ಬೈಯುತ್ತಿದ್ದಾರೋ ತಿಳಿಯಲೇಬೇಕು ಅನಿಸಿ, ನೀನು ಕೆಲಸ ಕಲಿತ ದೊಡ್ಡ ಮೇಸ್ತ್ರಿಯ ಗ್ಯಾರೇಜಿಗೇ ಹೋದೆ. ಈಗ ಅವರಿಗೆ ಒಂದು ಕಿವಿ ಕೇಳಿಸುವುದಿಲ್ಲ, ಇನ್ನೊಂದು ತಮಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಗಾಡಿಯನ್ನು ಅಡಿಭಾಗ ನೋಡಲು ತೋಡಿದ ಗುಂಡಿಯ ಮೇಲೆ ನಿಲ್ಲಿಸಿ ದೀಪ ಹಿಡಿದು ಕೆಳಗಿಳಿದರು. ನಾನು ಮೇಲೆ ಒಂದು ಹಳೆಯ ಟೈರಿನ ಮೇಲೆ ಕೂತೆ. "ಇಳಿದು ಬಾ ತಂಗೀ, ನಿನ್ನ ಮಗನ ಕೆಲಸ ನೋಡು" ಎಂದು ಅವರು ಕೂಗಿದಾಗ ಗೋಡೆ ಹಿಡಿದುಕೊಂಡು ಇಳಿದೆ.

ನನ್ನ ಕನ್ನಡಿ ಗೂಡಿನಿಂದ ನೀನು ಕದಿಯುತ್ತಿದ್ದ ಕೆಂಪು ಉಗುರುಬಣ್ಣ, ಪುಟ್ಟಾ! ಬಿಗಿ ಮಾಡಿ ಮುಗಿಸಿದ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಒಂದು ಗೆರೆ ಎಳೆಯುವ ನಿನ್ನ ಆ ಹುಚ್ಚು. ಗೆರೆ ಇಲ್ಲದಿದ್ದರೆ ಕೆಲಸ ಬಾಕಿ ಎಂದು ಅರ್ಥ, ಅಲ್ಲವೇ? ಅದಕ್ಕಾಗಿ ನಾನು ನಿನಗೆ ಎಷ್ಟು ಬೈದಿದ್ದೇನೆ. ಎಡಗಡೆಯ ಶಾಕ್ ಅಬ್ಸಾರ್ಬರಿನ ನಟ್ಟಿನ ಮೇಲೆ ಆ ಗೆರೆ ಇತ್ತು. ಮೇಸ್ತ್ರಿ ಬಟ್ಟೆಯಿಂದ ಧೂಳು ಒರೆಸಿ ತೋರಿಸಿದರು. ಎಲ್ಲೂ ಬಿರುಕಿಲ್ಲ, ಎಲ್ಲೂ ಕಡಿದಿಲ್ಲ. ನಟ್ ಕೂದಲೆಳೆಯಷ್ಟು ತಿರುಗಿದ್ದರೂ ಗೆರೆ ಎರಡಾಗುತ್ತಿತ್ತಂತೆ. ನಾನು ಆ ಗುಂಡಿಯಲ್ಲಿ ನಿಂತೇ ಅತ್ತೆ, ಮೇಸ್ತ್ರಿ ಇನ್ನೊಂದು ಕಡೆ ತಿರುಗಿ ಸುಮ್ಮನೆ ಸ್ಪ್ಯಾನರ್ ಒರೆಸುತ್ತಿದ್ದರು. ಆಮೇಲೆ ಸಬ್ಬಲಿನಿಂದ ಕೀಲುಗಳ ರಬ್ಬರ್ ಬುಷ್‌ಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದರು, ಸೈಲೆನ್ಸರ್ ಗುದ್ದಿ ನೋಡಿದರು. ಎಲ್ಲವೂ ಭದ್ರವಾಗಿತ್ತು. "ಹಾಗಾದ್ರೆ ತಟ್ತಾ ಇರೋದು ಯಾರು?" ಅಂದರು. ತಮಾಷೆಗೆ ಅಂದದ್ದಲ್ಲ.

ಅವರಿಗೆ ಕಿವಿ ಸಾಲದು. ಆದ್ದರಿಂದ ಗಾಡಿ ಓಡಿಸುವುದು ಅವರು, ಕೇಳುವುದು ನಾನು ಎಂದಾಯಿತು. ನಲವತ್ತು ವರ್ಷ ಮಿಷನ್ ಮುಂದೆ ಕೂತವಳಿಗೆ ಎಲ್ಲಿ ಏನು ಸಡಿಲವಾಗಿದೆ ಎಂದು ಸದ್ದಿನಲ್ಲೇ ತಿಳಿಯುತ್ತದೆ. ಹಿಂದಿನ ಸೀಟು ಮಡಚಿ, ನಿನ್ನ ಅರವತ್ತೆರಡು ವರ್ಷದ ಅಮ್ಮ ಡಿಕ್ಕಿಯಲ್ಲಿ ಬಟ್ಟೆ ಗಂಟಿನ ಹಾಗೆ ಮಲಗಿದಳು. ನಗು, ಪರವಾಗಿಲ್ಲ. ಮೇಸ್ತ್ರಿ ಬೇಕೆಂದೇ ಕೆಟ್ಟ ರಸ್ತೆ ಹಿಡಿದರು. ನಾನು ಎಡಗಡೆಯ ಪ್ಲಾಸ್ಟಿಕ್ ಹಲಗೆಯ ಮೇಲೆ ಅಂಗೈ ಊರಿಕೊಂಡಿದ್ದೆ. ಒಂದು ಉಬ್ಬು ಬಂತು. ಆ ಹಲಗೆಯ ಒಳಗಿಂದ, ನೇರ ನನ್ನ ಅಂಗೈಗೆ, ಎರಡು ಸಲ ತಟ್ಟಿತು. ತಡೆದು, ಇನ್ನೊಂದು ಸಲ. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಹಗಲು ಹೊತ್ತು, ಹೊರಗೆ ಬಸ್ಸುಗಳು ಓಡಾಡುತ್ತಿದ್ದವು. ಆದರೂ ಆ ಒಂದು ಕ್ಷಣ ಹಲಗೆಯ ಆಚೆ ಅವರಿದ್ದರು, ಈಚೆ ನಾನಿದ್ದೆ. ನಿಜ ಹೇಳುತ್ತೇನೆ, ಅದನ್ನು ತೆಗೆಯುವುದೇ ಬೇಡ ಅನಿಸಿತು.

ಮೇಸ್ತ್ರಿ ಗಾಡಿ ನಿಲ್ಲಿಸಿ ಆ ಹಲಗೆಯಲ್ಲಿದ್ದ ಮುಚ್ಚಳ ತೆಗೆದರು. ಒಳಗಿನ ಗೂಡಿನಲ್ಲಿ ಚಕ್ರ ಎತ್ತುವ ಜಾಕ್ ಸಡಿಲವಾಗಿ ಅಲುಗಾಡುತ್ತಿತ್ತು. ಅದನ್ನು ಗೂಡಿನಲ್ಲಿಟ್ಟ ಮೇಲೆ ತಿರುಪು ತಿರುಗಿಸಿ ಬಿಗಿಯಾಗಿ ಕೂರಿಸಬೇಕಂತೆ, ನಿನಗೆ ಗೊತ್ತಿರುತ್ತದೆ. ಜಾಕಿಗೂ ಬಣ್ಣ ಬಳಿದಿದ್ದೀಯಲ್ಲೋ ಮಾರಾಯ! ಆ ಗೆರೆ ಮಾತ್ರ ಕಡಿದು ಎರಡಾಗಿತ್ತು. ನಿನ್ನ ನಂತರ ಯಾರೋ ಅದನ್ನು ಬಿಚ್ಚಿದ್ದರು. ಮೇಸ್ತ್ರಿ ಡಿಕ್ಕಿಯ ಹಾಸು ಎತ್ತಿದರು. ಸ್ಟೆಪ್ನಿ ಇರುವ ಜಾಗದಲ್ಲಿ ಸವೆದ ಚಕ್ರವಿತ್ತು, ಗಾಳಿಯಿಲ್ಲ, ಒಣಗಿದ ಮಣ್ಣು, ನಡುವೆ ಒಂದು ಮೊಳೆ. ಹಿಂದೆ ಎಡಗಡೆ ಓಡುತ್ತಿದ್ದದ್ದು ಸ್ಟೆಪ್ನಿ. ಎದೆ ಸರಿಯಿಲ್ಲ, ಬಕೆಟ್ ನೀರೂ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದ ಮನುಷ್ಯ ಆ ಬೆಳಿಗ್ಗೆ ಬಿಸಿಲಿನಲ್ಲಿ ಒಬ್ಬರೇ ಚಕ್ರ ಬದಲಾಯಿಸಿದ್ದಾರೆ, ಕೈಯಲ್ಲಿ ಶಕ್ತಿ ಉಳಿಯದೆ ಜಾಕನ್ನು ಬಿಗಿ ಮಾಡದೆ ಹಾಗೇ ಗೂಡಿಗೆ ಹಾಕಿ ಹೊರಟಿದ್ದಾರೆ. ಅದು ತಟ್ಟತೊಡಗಿದ ಮೇಲೆ ನಿನಗೆ ಫೋನ್ ಮಾಡಿದ್ದಾರೆ. ಪಂಕ್ಚರ್ ಆಗಿದ್ದನ್ನು ಹೇಳಲಿಲ್ಲ. ಹೇಳಿದ್ದರೆ ನಾವಿಬ್ಬರೂ ಸೇರಿ ಬೈಯುತ್ತಿದ್ದೆವಲ್ಲ. ಆಸ್ಪತ್ರೆಯಲ್ಲಿ ಅವರ ಅಂಗೈಯ ಮಸಿಯನ್ನು ನಾನೇ ಒದ್ದೆ ಬಟ್ಟೆಯಿಂದ ಒರೆಸಿದ್ದೆ. ಚರಂಡಿಯ ಕೊಳೆ ಅಂದುಕೊಂಡೆ. ಉತ್ತರವನ್ನೇ ಒರೆಸಿ ಹಾಕುತ್ತಿದ್ದೇನೆಂದು ನನಗೆ ಹೇಗೆ ಗೊತ್ತಾಗಬೇಕು? ಆ ಮನುಷ್ಯನ ಮೇಲೆ ಇಡೀ ದಿನ ಸಿಟ್ಟು ಮಾಡಿದೆ. ಸಿಟ್ಟು ಇಳಿದ ಮೇಲೆ ಮನೆ ತುಂಬ ಖಾಲಿ ಅನಿಸಿತು.

ಮೇಸ್ತ್ರಿ ಜಾಕ್ ಬಿಗಿ ಮಾಡಲು ಹೋದರು, ನಾನು ಬೇಡ ಅಂದೆ. ಅದು ಅವರ ಕೈ ಬಿಟ್ಟ ಹಾಗೇ ಇದೆ, ಇನ್ನೂ ತಟ್ಟುತ್ತಿದೆ. ಸದ್ದು ಏನೆಂದು ತಿಳಿದ ಮೇಲೂ ನಾನು "ಬಂದೆ ಇರಿ" ಅನ್ನುವುದನ್ನು ಬಿಟ್ಟಿಲ್ಲ. ನಿನ್ನ ಸ್ಪ್ಯಾನರ್‌ಗಳಿಗೆ ಎಣ್ಣೆ ಹಚ್ಚಿಟ್ಟಿದ್ದೇನೆ. ಹಳೆಯ ಉಗುರುಬಣ್ಣ ಒಣಗಿ ಕಲ್ಲಾಗಿತ್ತು, ಹೊಸ ಶೀಶೆ ತಂದಿಟ್ಟಿದ್ದೇನೆ, ಅದೇ ಕೆಂಪು. ಮೇಸ್ತ್ರಿ ನಿನ್ನನ್ನು ಕೇಳಿದರು. ಹೊಟ್ಟೆ ತುಂಬ ಉಣ್ಣು, ಬೆಚ್ಚಗಿರು, ನಿನ್ನ ಕೈಗಳು ಚೆನ್ನಾಗಿರಲಿ.

ನಿನ್ನ
ಅಮ್ಮ

ತಾ.ಕ. ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬರಲಿಲ್ಲ. ಅಂಚೆಗೆ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಆವತ್ತು ಮೆಟ್ಟಿಲ ಮೇಲಿಂದ ನಾನು ಎದ್ದುಹೋದದ್ದು ನೀರಿಗಲ್ಲ. ನೀನು ಕೇಳಿದ್ದಕ್ಕೆ "ಹೌದು" ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು, ಅದನ್ನು ನುಂಗಲು ಹೋದೆ. ನೀನು ನನ್ನ ಮುಖ ನೋಡಿದ್ದೆ. ಅದಕ್ಕೇ ಊರು ಬಿಟ್ಟೆ ಎಂದು ನನಗೆ ಗೊತ್ತು. ಮೂರು ವರ್ಷ ಟಾರ್ಪಾಲು ಬಿಚ್ಚದೇ ಇದ್ದದ್ದೂ ಆ ಮಾತೇ ನಿಜವಾದೀತೆಂಬ ಭಯಕ್ಕೆ. ನಿನ್ನಿಂದ ಆಗಲಿಲ್ಲ ಪುಟ್ಟಾ. ನಿನ್ನನ್ನು ಅನುಮಾನಿಸಿದ್ದು ನನ್ನ ತಪ್ಪು. ಬಂದು ನನಗೆ ಬೈಯಿ. ಬಾಗಿಲನ್ನು ಹೇಗೆ ತಟ್ಟಿದರೂ ಸರಿ, ಈ ಸಲ ನಾನು ಕೂತಲ್ಲಿಂದ ಕೂಗುವುದಿಲ್ಲ, ಎದ್ದು ಬಂದು ತೆಗೆಯುತ್ತೇನೆ.